18177: ಅಡಿಕೆ ತೋಟದ ರಿಸೀವರ್‌ನಲ್ಲಿ ಮತ್ತೆ ಮತ್ತೆ ಬಂದ ಒಂದು ಸಂಖ್ಯೆ

ಭಾವನ ತೋಟ ಇರುವುದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿ. ನೀರು ಸುರಂಗದ್ದು. ಕಾಸರಗೋಡಿನವರಿಗೆ ಸುರಂಗ ಏನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಬಾವಿಯನ್ನು ಕೆಳಕ್ಕೆ ತೋಡುವ ಬದಲು ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು. ಒಬ್ಬರು ಬಗ್ಗಿ ನಡೆಯುವಷ್ಟು ಜಾಗ ಇರುತ್ತದೆ. ಒಳಗಿನ ಒರತೆ ತಾನಾಗಿ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ, ಪಂಪು ಬೇಡ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬರುತ್ತದೆ. ಆದರೂ ಮಾರ್ಚ್ ದಾಟಿದರೆ ಆ ಒರತೆ ಕಿರುಬೆರಳಿನ ಗಾತ್ರಕ್ಕೆ ಇಳಿಯುತ್ತದೆ. ಟಾಂಕಿ ತುಂಬಿದೆಯೋ ಇಲ್ಲವೋ ನೋಡಲು ಭಾವ ದಿನಕ್ಕೆ ಮೂರು ಸಲ ಗುಡ್ಡ ಹತ್ತುತ್ತಿದ್ದರು.

ಅವರ ಮಗಳು, ಅಂದರೆ ನನ್ನ ಅಕ್ಕನ ಮಗಳು, ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿದ್ದಳು. ಟಾಂಕಿಯ ಮಟ್ಟವನ್ನು ರೇಡಿಯೋದಲ್ಲಿ ಮನೆಗೆ ತರುವುದನ್ನೇ ಪ್ರಾಜೆಕ್ಟ್ ಮಾಡಿಕೊಂಡಳು. ದೂರ ಸುಮಾರು 300 ಮೀಟರ್, ನಡುವೆ ಪೂರ್ತಿ ಅಡಿಕೆ ಮರ. ಬಳಸಿದ್ದು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ಬ್ಯಾಂಡ್. ಅಂಗಡಿಯಲ್ಲಿ ಸಿಗುವ ಲೋರಾ ಎಂಬ ಸಿದ್ಧ ರೇಡಿಯೋ ಮಾಡ್ಯೂಲ್ ಹಾಕಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಆದರೆ ರಿಸೀವರ್‌ನ ಒಳಗನ್ನು ತಾನೇ ಕಟ್ಟಬೇಕು ಎಂಬುದು ಅವಳ ಹಟ. ನನಗೂ ಅದೇ ಸರಿ ಎನಿಸಿತು. ಚಿಪ್ ಡಿಸೈನ್ ನನ್ನ ಕೆಲಸ. ಈಗ ಊರಿನಿಂದಲೇ ಮಾಡುತ್ತಿದ್ದೇನೆ. ಹಾಗಾಗಿ ಸಂಜೆ ಹೊತ್ತು ಕೂತು ನೋಡಲು ಆಗುತ್ತಿತ್ತು.

ಫೆಬ್ರವರಿಯ ಒಂದು ಸಂಜೆ ಅವಳು ಫೋನ್ ಮಾಡಿದಳು. "ಹತ್ತರೆ ಬಂದರೆ ಹಾಳಾವ್ತು, ದೂರ ಹೋದರೆ ಸರಿ ಆವ್ತು. ಇದೆಂತರ ಮಾವ?"

ರೇಡಿಯೋ ವಿಷಯದಲ್ಲಿ ಇದು ಉಲ್ಟಾ. ದೂರ ಹೋದಷ್ಟೂ ಸಿಗ್ನಲ್ ಕೆಡಬೇಕು. ಅವಳು ಟ್ರಾನ್ಸ್‌ಮಿಟರನ್ನು ಟಾಂಕಿ ಹತ್ತಿರ ಇಟ್ಟರೆ ಸಂದೇಶ ಸರಿಯಾಗಿ ಬರುತ್ತಿತ್ತು. ಅಂಗಳಕ್ಕೆ ತಂದು, ಒಣಗಲು ಹರವಿದ ಅಡಿಕೆಯ ಪಕ್ಕ, ರಿಸೀವರ್‌ನಿಂದ ಮೂರು ಮೀಟರ್ ದೂರದಲ್ಲಿ ಇಟ್ಟರೆ ಬರೀ ಕಸ.

ಸರ್ಕ್ಯೂಟ್ ಏನು ಮಾಡಬೇಕಿತ್ತು

ರೇಡಿಯೋ ಚಿಪ್‌ನಿಂದ ಪ್ರತಿ ಸ್ಯಾಂಪಲ್‌ಗೆ ಎರಡು ಸಂಖ್ಯೆ ಬರುತ್ತವೆ: ಐ ಮತ್ತು ಕ್ಯೂ. ಗ್ರಾಫ್ ಹಾಳೆಯಲ್ಲಿ ಎಷ್ಟು ಅಡ್ಡ, ಎಷ್ಟು ಉದ್ದ ಎಂದು ಒಂದು ಚುಕ್ಕೆ ಗುರುತಿಸಿದ ಹಾಗೆ. ಆದರೆ ಅವಳ ಸಂದೇಶ ಇದ್ದದ್ದು ಕೋನದಲ್ಲಿ. ಅವಳು ಬಳಸಿದ್ದು ಡಿಫರೆನ್ಷಿಯಲ್ ಕ್ಯೂಪಿಎಸ್‌ಕೆ. ಒಂದು ಸಲಕ್ಕೆ ಕಳಿಸುವ ತುಣುಕಿಗೆ ಸಿಂಬಲ್ ಎನ್ನುತ್ತಾರೆ. ಹಿಂದಿನ ಸಿಂಬಲ್‌ಗಿಂತ ಈ ಸಿಂಬಲ್ 0, 90, 180, 270 ಡಿಗ್ರಿಗಳಲ್ಲಿ ಎಷ್ಟು ತಿರುಗಿತು ಎಂಬುದೇ ಎರಡು ಬಿಟ್ ಮಾಹಿತಿ. ಹಾಗಾಗಿ ಅಡ್ಡ ಉದ್ದದ ಲೆಕ್ಕವನ್ನು ಕೋನ ಮತ್ತು ಗಾತ್ರದ ಲೆಕ್ಕಕ್ಕೆ ಬದಲಿಸುವ ಸರ್ಕ್ಯೂಟ್ ಬೇಕು. ಗಾತ್ರವೂ ಬೇಕೇ ಬೇಕು, ಏಕೆಂದರೆ ರೇಡಿಯೋದ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದು) ಏರಿಸುವ ಇಳಿಸುವ ಎಜಿಸಿ ಎಂಬ ಭಾಗ ಅದನ್ನೇ ನೋಡಿ ತೀರ್ಮಾನಿಸುತ್ತದೆ.

ಇದನ್ನು ಕೋಷ್ಟಕ ಹಾಕಿ ಮಾಡಬಹುದಲ್ವಾ ಎಂದು ಅವಳು ಮೊದಲು ಕೇಳಿದ್ದಳು. ಲೆಕ್ಕ ಹಾಕಿ ನೋಡಿದೆವು. ಐ 12 ಬಿಟ್, ಕ್ಯೂ 12 ಬಿಟ್, ಒಟ್ಟು 24 ಬಿಟ್ ವಿಳಾಸ. ಅಂದರೆ 1,67,77,216 ಮನೆಗಳು. ಒಂದೊಂದರಲ್ಲಿ 12 ಬಿಟ್ ಉತ್ತರ ಇಟ್ಟರೆ 20 ಕೋಟಿ ಬಿಟ್ ದಾಟುತ್ತದೆ. ಅವಳ ಬೋರ್ಡಿನಲ್ಲಿದ್ದ ಆರ್ಟಿಕ್ಸ್-7 35ಟಿ ಎಫ್‌ಪಿಜಿಎ (ನಮಗೆ ಬೇಕಾದ ಸರ್ಕ್ಯೂಟನ್ನು ಒಳಗೆ ಕಟ್ಟಿಕೊಳ್ಳಬಹುದಾದ ಚಿಪ್) ಒಳಗಿನ ಬ್ಲಾಕ್ ಮೆಮೊರಿ 18 ಲಕ್ಷ ಬಿಟ್ ಚಿಲ್ಲರೆ. ಒಂದು ಕಾಲು ಭಾಗದ ಕೋನಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಮಡಚಿದರೂ ಹಿಡಿಯುವುದಿಲ್ಲ. ಕ್ಯೂವನ್ನು ಐಯಿಂದ ಭಾಗಿಸಿ ಸಣ್ಣ ಕೋಷ್ಟಕ ನೋಡಬಹುದು, ಆದರೆ ಹಾರ್ಡ್‌ವೇರ್‌ನಲ್ಲಿ ಭಾಗಾಕಾರ ದುಬಾರಿ.

ಉಳಿದದ್ದು ಕಾರ್ಡಿಕ್. ಜ್ಯಾಕ್ ವೋಲ್ಡರ್ ಎಂಬ ಎಂಜಿನಿಯರ್ ಇದನ್ನು ಬಿ-58 ಬಾಂಬರ್ ವಿಮಾನದ ದಿಕ್ಕು ಲೆಕ್ಕ ಹಾಕುವ ಕಂಪ್ಯೂಟರಿಗೆಂದು ರೂಪಿಸಿ, 1959ರಲ್ಲಿ ಪ್ರಕಟಿಸಿದರು. 1972ರಲ್ಲಿ ಬಂದ ಎಚ್‌ಪಿ-35 ಕ್ಯಾಲ್ಕುಲೇಟರ್ ಸೈನ್, ಟ್ಯಾನ್ ಲೆಕ್ಕ ಹಾಕಿದ್ದೂ ಇದೇ ಉಪಾಯದಿಂದ. ಇದರಲ್ಲಿ ಗುಣಾಕಾರವೇ ಇಲ್ಲ.

ಅಡಿಕೆ ತೂಗುವ ತಕ್ಕಡಿ ನೆನಪಿಸಿಕೊಳ್ಳಿ. ಮೊದಲು ದೊಡ್ಡ ಬೊಟ್ಟು, ಆಮೇಲೆ ಅದರ ಅರ್ಧ, ಆಮೇಲೆ ಕಾಲು. ತಟ್ಟೆ ಈ ಕಡೆ ವಾಲಿದರೆ ಆ ಕಡೆಗೆ, ಆ ಕಡೆ ವಾಲಿದರೆ ಈ ಕಡೆಗೆ. ಕಾರ್ಡಿಕ್ ಹಾಗೆಯೇ ಚುಕ್ಕೆಯನ್ನು ತಿರುಗಿಸುತ್ತದೆ. ಮೊದಲು 45 ಡಿಗ್ರಿ, ಆಮೇಲೆ 26.565, ಆಮೇಲೆ 14.036, 7.125, ಹೀಗೆ ಇಳಿಯುತ್ತಾ ಹೋಗುತ್ತದೆ. ಈ ಕೋನಗಳ ಟ್ಯಾನ್ ಬೆಲೆ 1, 1/2, 1/4, 1/8. ಎರಡರಿಂದ ಭಾಗಿಸುವುದೆಂದರೆ ಬಿಟ್‌ಗಳನ್ನು ಬಲಕ್ಕೆ ಸರಿಸಿದರೆ ಆಯಿತು, ಹಾರ್ಡ್‌ವೇರ್‌ನಲ್ಲಿ ಅದು ಬರೀ ತಂತಿ. ಶುರುವಿನಲ್ಲಿ ಎಕ್ಸ್ ಅಂದರೆ ಐ, ವೈ ಅಂದರೆ ಕ್ಯೂ. ವೈ ಸೊನ್ನೆಗಿಂತ ಮೇಲಿದ್ದರೆ ಕೆಳಕ್ಕೆ ತಿರುಗಿಸು, ಕೆಳಗಿದ್ದರೆ ಮೇಲಕ್ಕೆ ತಿರುಗಿಸು. ತಿರುಗಿಸಿದ ಕೋನವನ್ನು ಕೂಡುತ್ತಾ ಕಳೆಯುತ್ತಾ ಹೋಗು. ವೈ ಸೊನ್ನೆಯ ಹತ್ತಿರ ಬಂದಾಗ ಕೂಡಿಟ್ಟ ಕೋನವೇ ಉತ್ತರ, ಎಕ್ಸ್‌ನಲ್ಲಿ ಉಳಿದದ್ದು ಗಾತ್ರ.

ಕೋನ ಬರೆಯುವ ರೀತಿಯಲ್ಲೂ ಒಂದು ಚೆಂದ ಇದೆ. ಇಡೀ ಸುತ್ತನ್ನು 65536 ಎಂದು ಇಟ್ಟುಕೊಳ್ಳುತ್ತಾರೆ, 16 ಬಿಟ್. ಆಗ 45 ಡಿಗ್ರಿ ಅಂದರೆ 8192, 90 ಅಂದರೆ 16384. 360 ದಾಟಿದರೆ ಬಿಟ್ ತಾನಾಗಿ ಬಿದ್ದು ಮತ್ತೆ ಸೊನ್ನೆಗೆ ಬರುತ್ತದೆ. ಎರಡು ಕೋನಗಳನ್ನು ಕಳೆದು, 8192 ಸೇರಿಸಿ, ಮೇಲಿನ ಎರಡು ಬಿಟ್ ನೋಡಿದರೆ ಸಂದೇಶ ಕೈಯಲ್ಲಿ. ಇಷ್ಟು ಸಣ್ಣ ಸರ್ಕ್ಯೂಟ್ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನೋಡಿದಾಗ ಈಗಲೂ ನನಗೆ ಖುಷಿಯಾಗುತ್ತದೆ.

ಸುಳಿವು

ಭಾನುವಾರ ತೋಟದ ಮನೆಗೆ ಹೋದೆ. ಅಕ್ಕ ಚಹಾ ತಂದಿಟ್ಟಳು. ಹುಡುಗಿ ಎಫ್‌ಪಿಜಿಎ ಒಳಗಿನ ಸಂಖ್ಯೆಗಳನ್ನು ಲ್ಯಾಪ್‌ಟಾಪ್ ಪರದೆಗೆ ತಂದು ತೋರಿಸಿದಳು. ಗ್ರಾಫಿನ ಎಡಭಾಗದ ಚುಕ್ಕೆಗಳನ್ನು ಬಲಕ್ಕೆ ಮಡಚುವ ಕೆಲಸ ಕಾರ್ಡಿಕ್ ಹಂತಗಳಿಗೂ ಮುಂಚೆಯೇ ಆಗಿರುತ್ತದೆ. ಆಮೇಲಿನ 12 ಹಂತಗಳಲ್ಲಿ ಕೂಡಿ ಬಂದ ಕೋನದ ಪಟ್ಟಿ ಅದು. ಟ್ರಾನ್ಸ್‌ಮಿಟರ್ ಅಂಗಳದಲ್ಲಿದ್ದಾಗ ಆ ಪಟ್ಟಿಯಲ್ಲಿ 18177, −1793, −1793, 18177, 18177 ಎಂದು ಓಡುತ್ತಿತ್ತು. ನಡುವೆ ಬೇರೆ ಸಂಖ್ಯೆಗಳೂ ಇದ್ದವು. ಆದರೆ ಈ ಎರಡು ಮತ್ತೆ ಮತ್ತೆ ಬರುತ್ತಿದ್ದವು. ಚಿಹ್ನೆ ಬದಲಾಗಿ −18177, 1793 ಎಂದೂ ಬರುತ್ತಿದ್ದವು.

"ಗದ್ದಲ ಆದರೆ ಸಂಖ್ಯೆ ಚೆದುರಬೇಕು ಮಾವ. ಇದು ಒಂದೇ ಕಡೆ ಯಾಕೆ ನಿಲ್ಲುತ್ತದೆ?" ಎಂದಳು. ಸರಿಯಾದ ಪ್ರಶ್ನೆ. ಅರ್ಧ ಉತ್ತರ ಆ ಪ್ರಶ್ನೆಯಲ್ಲೇ ಇತ್ತು.

ಅವಳ ಕೋನಗಳ ಕೋಷ್ಟಕ ಕಾಗದದ ಮೇಲೆ ಬರೆದುಕೊಂಡೆ: 8192, 4836, 2555, 1297, 651, 326, 163, 81, 41, 20, 10, 5. ಎಲ್ಲ ಕೂಡಿದೆ. 18177. ಮೊದಲನೆಯದನ್ನು ಕೂಡಿ, ಉಳಿದ ಹನ್ನೊಂದನ್ನೂ ಕಳೆದೆ. −1793.

ಅಂದರೆ ಎರಡನೇ ಹಂತದಿಂದ ಮುಂದೆ ಸರ್ಕ್ಯೂಟ್ ಒಮ್ಮೆಯೂ ದಿಕ್ಕು ಬದಲಿಸಿಲ್ಲ. ಒಂದೇ ಕಡೆಗೆ ತಿರುಗಿಸುತ್ತಲೇ ಹೋಗಿದೆ, ಕೋನಗಳೆಲ್ಲ ಮುಗಿಯುವ ತನಕ. ತಕ್ಕಡಿಯಲ್ಲಿ ಬೊಟ್ಟು ಇಟ್ಟಷ್ಟೂ ತಟ್ಟೆ ಅದೇ ಕಡೆ ಮೇಲೇಳುತ್ತಿದೆ ಎಂದರೆ ತಕ್ಕಡಿಯ ದಂಡವೇ ಎಲ್ಲೋ ತಿರುಚಿದೆ.

ಎಲ್ಲಿ ತಿರುಚಿತು ಎಂದು ನೋಡಲು ಒಂದು ಚುಕ್ಕೆಯನ್ನು ಕೈಯಲ್ಲೇ ನಡೆಸಿದೆವು. ಐ 1300, ಕ್ಯೂ 1300. ಉತ್ತರ 45 ಡಿಗ್ರಿ ಬರಬೇಕು. ಮೊದಲ ಹಂತದಲ್ಲಿ ಎಕ್ಸ್ ಅಂದರೆ 1300 ಕೂಡಿಸು 1300, 2600. ಆದರೆ ಅವಳು ಎಕ್ಸ್‌ಗೆ ಕೊಟ್ಟದ್ದು 12 ಬಿಟ್. ಚಿಹ್ನೆ ಸಮೇತ 12 ಬಿಟ್‌ನಲ್ಲಿ ಹಿಡಿಯುವುದು −2048ರಿಂದ 2047 ಮಾತ್ರ. 2600 ತುಂಬಿ ಹೊರಚೆಲ್ಲಿ −1496 ಆಯಿತು. ವೈ ಸೊನ್ನೆ. ಎರಡನೇ ಹಂತದಲ್ಲಿ ವೈಯಿಂದ ಎಕ್ಸ್‌ನ ಅರ್ಧ ಕಳೆಯಬೇಕು. ಎಕ್ಸ್ ಈಗ ಋಣ, ಹಾಗಾಗಿ ಕಳೆಯುವ ಬದಲು ಕೂಡಿತು. ವೈ 748. ಮೂರನೇ ಹಂತದಲ್ಲಿ 1122. ಸೊನ್ನೆಗೆ ಇಳಿಯಬೇಕಾದ ವೈ ಮೇಲೆ ಹತ್ತುತ್ತಿದೆ. ವೈ ಮೇಲಿದೆ, ಇನ್ನೂ ತಿರುಗಿಸು, ಇನ್ನೂ ತಿರುಗಿಸು ಎಂದು ಸರ್ಕ್ಯೂಟ್ ಕೊನೆಯ ತನಕ ಕೂಡಿತು. 45 ಡಿಗ್ರಿಗೆ ಬದಲು ಸುಮಾರು 99.85.

ಕ್ಯೂ 1300ರ ಬದಲು 1299 ಇಟ್ಟು ನೋಡಿ. ಈಗ ಮೊದಲ ಹಂತದ ಕೊನೆಗೆ ವೈ −1. ಅಷ್ಟೇ ಸಾಕು. ಎಲ್ಲವೂ ಆ ಕಡೆಗೆ ಓಡಿ −9.85 ಡಿಗ್ರಿ. ಒಳಗೆ ಬಂದ ಸಂಖ್ಯೆಯಲ್ಲಿ ಒಂದರ ವ್ಯತ್ಯಾಸ, ಹೊರಗೆ 110 ಡಿಗ್ರಿ ಹತ್ತಿರದ ಜಿಗಿತ. ಪರದೆಯಲ್ಲಿ ಎರಡು ಸಂಖ್ಯೆ ಆಚೆ ಈಚೆ ಹಾರುತ್ತಿದ್ದದ್ದು ಇದಕ್ಕೇ.

ಕಾರ್ಡಿಕ್‌ನಲ್ಲಿ ಪ್ರತಿ ಸಲ ತಿರುಗಿಸಿದಾಗಲೂ ಚುಕ್ಕೆ ಸ್ವಲ್ಪ ಹೊರಕ್ಕೆ ಸರಿಯುತ್ತದೆ. ಎಲ್ಲ ಹಂತ ಮುಗಿದಾಗ ಗಾತ್ರ 1.6468 ಪಟ್ಟು ಬೆಳೆದಿರುತ್ತದೆ. ಇದು ಪುಸ್ತಕದಲ್ಲಿ ಇದೆ, ಅವಳಿಗೂ ಗೊತ್ತಿತ್ತು. ಕೊನೆಯಲ್ಲಿ ಅದನ್ನು 0.6073ರಿಂದ ಗುಣಿಸಿ ಸರಿಮಾಡುವ ಸರ್ಕ್ಯೂಟ್ ಕೂಡ ಬರೆದಿದ್ದಳು. ಆದರೆ ಬೆಳೆದ ಸಂಖ್ಯೆಗೆ ದಾರಿಯಲ್ಲಿ ನಿಲ್ಲಲು ಜಾಗ ಕೊಟ್ಟಿರಲಿಲ್ಲ. 12 ಬಿಟ್‌ನಲ್ಲಿ ಗಾತ್ರ 1243 ದಾಟಿದರೆ ಕೊನೆಗೆ 2047ರ ಗಡಿ ದಾಟಿಯೇ ದಾಟುತ್ತದೆ. ತೋಟದಲ್ಲಿ ನಾವು ಕಣಿ ಕಡಿಯುವಾಗ ಮೇಲಿನ ನೀರು ಎಷ್ಟು ಎಂದು ಮಾತ್ರ ನೋಡುವುದಿಲ್ಲ. ಕೆಳಗೆ ಹೋದಂತೆ ಅಡ್ಡ ಕಣಿಗಳ ನೀರೂ ಬಂದು ಸೇರುತ್ತದೆ, ಅದಕ್ಕೆ ಅಗಲ ಬಿಡುತ್ತೇವೆ. ಕೋನದ ಸೂತ್ರವನ್ನು ಯಾರು ಬೇಕಾದರೂ ಬರೆಯಬಹುದು. ಈ ಸರ್ಕ್ಯೂಟಿನ ನಿಜವಾದ ಡಿಸೈನ್ ಇರುವುದು ಪ್ರತಿ ಹಂತದ ತಂತಿಯ ಅಗಲದಲ್ಲಿ ಎಂದು ಅವಳಿಗೆ ಆ ದಿನ ಹೇಳಿದೆ.

ಇನ್ನೊಂದು ಕೇಡೂ ಇದರೊಳಗೇ ಇತ್ತು. ಎಕ್ಸ್ ಋಣವಾದಾಗ ಅದನ್ನೇ ಗಾತ್ರ ಎಂದು ಎಜಿಸಿಗೆ ಕಳಿಸುತ್ತಿದ್ದಳು. ಗಾತ್ರ ಸೊನ್ನೆಗಿಂತ ಕಡಿಮೆ ಎಂದರೆ ಸಿಗ್ನಲ್ ತೀರಾ ಸಣ್ಣದು ಎಂದು ಎಜಿಸಿ ತಿಳಿದು ಗೇನ್ ಏರಿಸುತ್ತಿತ್ತು. ಗೇನ್ ಏರಿದಷ್ಟೂ ಜಾಸ್ತಿ ತುಂಬಿ ಚೆಲ್ಲುತ್ತಿತ್ತು. ಒಮ್ಮೆ ಆ ಸುಳಿಗೆ ಬಿದ್ದರೆ ಏಳುವ ದಾರಿಯೇ ಇಲ್ಲ.

ಎಷ್ಟು ಅಗಲ ಬೇಕು? ಐ, ಕ್ಯೂ ಎರಡೂ 2047 ಆದರೆ ಗಾತ್ರ 2895, ಅದರ 1.6468 ಪಟ್ಟು 4767. 13 ಬಿಟ್ 4095ಕ್ಕೆ ಮುಗಿಯುತ್ತದೆ, 14 ಬೇಕು. ಒಳಗೆ ಬಂದ ಕೂಡಲೇ ಎರಡು ಬಿಟ್ ಸೇರಿಸಿ ಅಗಲ ಮಾಡಿದೆವು, ಬಲಕ್ಕೆ ಮಡಚುವುದಕ್ಕೂ ಮೊದಲೇ. ಇಲ್ಲದಿದ್ದರೆ −2048ರ ಚಿಹ್ನೆ ಬದಲಿಸುವಾಗ ಅದೂ ಕೆಡುತ್ತದೆ, ಏಕೆಂದರೆ 12 ಬಿಟ್‌ನಲ್ಲಿ ಕೂಡುವ ಚಿಹ್ನೆಯ 2048 ಇಲ್ಲ. 0.6073ರಿಂದ ಗುಣಿಸುವ ಸರ್ಕ್ಯೂಟನ್ನು ತೆಗೆದೇ ಬಿಟ್ಟೆವು. ಕೋನಕ್ಕೆ ಅದು ಬೇಡ. ಎಜಿಸಿ ಹೋಲಿಸುವ ಮಿತಿಯನ್ನೇ 1.6468 ಪಟ್ಟು ಮೇಲೆ ಇಟ್ಟರೆ ಮುಗಿಯಿತು.

ಅಂಗಳದಲ್ಲಿ ಸಂದೇಶ ಬಂತು. ಭಾವ ಟ್ರಾನ್ಸ್‌ಮಿಟರನ್ನು ಗುಡ್ಡಕ್ಕೆ ಒಯ್ದು ಕಂಬಕ್ಕೆ ಕಟ್ಟಿದರು.

ಮಳೆ ಬಂದ ದಿನ

ಏಪ್ರಿಲ್ ಕೊನೆಗೆ ಬೇಸಗೆ ಮಳೆ ಬಂತು. ಒಳ್ಳೆಯ ಮಳೆ. ಒದ್ದೆಯಾದ ಅಡಿಕೆ ಸೋಗೆಗಳು ರೇಡಿಯೋ ಸಿಗ್ನಲನ್ನು ನುಂಗುತ್ತವೆ, ಅದು ನಿರೀಕ್ಷೆ ಇದ್ದದ್ದೇ. ಸಂದೇಶ ನಿಂತಿತು. ಅವಳು ಪರದೆ ತೆರೆದು ನನಗೆ ಚಿತ್ರ ಕಳಿಸಿದಳು. ಮತ್ತೆ 18177.

ಈ ಸಲ ತುಂಬಿ ಚೆಲ್ಲುವಷ್ಟು ಸಿಗ್ನಲ್ಲೇ ಇಲ್ಲ. ಆದರೂ ಅದೇ ಸಂಖ್ಯೆ. ಇದು ನನಗೂ ಹೊಸತು. ಆ ರಾತ್ರಿ ಊಟ ಮಾಡುವಾಗಲೂ ಅದೇ ತಲೆಯಲ್ಲಿ.

ಮತ್ತೆ ಒಂದು ಚುಕ್ಕೆ ನಡೆಸಿದೆವು, ಈ ಸಲ ಫೋನಿನಲ್ಲಿ. ಐ 1, ಕ್ಯೂ 2. ನಿಜವಾದ ಕೋನ 63.43 ಡಿಗ್ರಿ. ಮೊದಲ ಹಂತ: ಎಕ್ಸ್ 3, ವೈ 1. ಎರಡನೇ ಹಂತ: 3ರ ಅರ್ಧ ಒಂದೂವರೆ, ಬಲಕ್ಕೆ ಸರಿಸಿದಾಗ ಅರೆ ಬಿದ್ದು ಹೋಗಿ 1. ವೈ ಸೊನ್ನೆ. ಮೂರನೇ ಹಂತ: 3ರ ಕಾಲು ಭಾಗ, ಸರಿಸಿದರೆ ಸೊನ್ನೆ. ವೈ ಸೊನ್ನೆಯಲ್ಲೇ ನಿಂತಿತು. ಆದರೆ ಸರ್ಕ್ಯೂಟ್ ಸೊನ್ನೆಯನ್ನು ಋಣ ಅಲ್ಲದ್ದು ಎಂದೇ ಎಣಿಸುತ್ತದೆ, ಪ್ರತಿ ಸಲ ಕೋನ ಕೂಡುತ್ತದೆ. ಮೂರನೇ ಹಂತದಿಂದ ಕೊನೆಯ ತನಕ ಕಳೆಯಲು ಏನೂ ಉಳಿದಿಲ್ಲ, ಕೋನ ಮಾತ್ರ ಏರುತ್ತದೆ. 18177. ತಪ್ಪು 36 ಡಿಗ್ರಿಗಿಂತ ಜಾಸ್ತಿ. ನಮಗಿದ್ದ ಅವಕಾಶ 45 ಡಿಗ್ರಿ ಮಾತ್ರ, ಅದೂ ಎರಡು ಸಿಂಬಲ್‌ಗಳ ತಪ್ಪು ಸೇರಿ.

ಮೇಲೆ ಜಾಗ ಕಡಿಮೆ ಆದರೆ ತುಂಬಿ ಚೆಲ್ಲುತ್ತದೆ, ಕೆಳಗೆ ಜಾಗ ಕಡಿಮೆ ಆದರೆ ಬಸಿದು ಹೋಗುತ್ತದೆ. ಎರಡಕ್ಕೂ ಪರದೆ ತೋರಿಸುವುದು ಒಂದೇ ಸಂಖ್ಯೆ.

ಹಾಗಾದರೆ ಕೆಳಗೆ ಬಿಟ್ ಸೇರಿಸಬೇಕು. ಸುಮ್ನೆ ನಾಲ್ಕು ಸೊನ್ನೆ ಹಚ್ಚಿದರೂ ಪ್ರಯೋಜನ ಇದೆ. ಐ 16, ಕ್ಯೂ 32 ಎಂದು ಇಟ್ಟು ಅದೇ ಲೆಕ್ಕ ಮಾಡಿದರೆ ಉತ್ತರ 64.63 ಡಿಗ್ರಿ. ತಪ್ಪು 1.2ಕ್ಕೆ ಇಳಿಯಿತು. ಆದರೆ ಅವಳ ಕೋಡ್ ನೋಡಿದಾಗ ಅದಕ್ಕಿಂತ ಒಳ್ಳೆಯದು ಸಿಕ್ಕಿತು. ಕಾರ್ಡಿಕ್‌ಗೆ ಮುಂಚಿನ ಫಿಲ್ಟರ್ 16 ಬಿಟ್ ಕೊಡುತ್ತಿತ್ತು. 12ಕ್ಕೆ ಹೊಂದಿಸಲು ಅವಳೇ ಕೆಳಗಿನ ನಾಲ್ಕು ಬಿಟ್ ಕತ್ತರಿಸಿ ಎಸೆದಿದ್ದಳು. ಮಳೆಯ ದಿನ ಸಂದೇಶ ಇದ್ದದ್ದೇ ಆ ನಾಲ್ಕು ಬಿಟ್‌ಗಳಲ್ಲಿ. ಅವನ್ನು ಉಳಿಸಿಕೊಂಡೆವು. 16 ಬಿಟ್ ಒಳಗೆ, ಮೇಲೆ ಎರಡು ಬಿಟ್ ಜಾಗ, ಒಟ್ಟು 18.

ಬಲಕ್ಕೆ ಸರಿಸುವುದರಲ್ಲಿ ಇನ್ನೊಂದು ಸಣ್ಣ ವಿಷಯ. ಧನ ಸಂಖ್ಯೆ 1ನ್ನು ಸರಿಸಿದರೆ 0. ಋಣ ಸಂಖ್ಯೆ −1ನ್ನು ಸರಿಸಿದರೆ −1ಯೇ, ಎಷ್ಟು ಸರಿಸಿದರೂ. ಐ 48, ಕ್ಯೂ 64 ಕೊಟ್ಟರೆ ಎಕ್ಸ್ 131.7ರ ಹತ್ತಿರ ನಿಲ್ಲಬೇಕು. ವೈ −1ರಲ್ಲಿ ಸಿಕ್ಕಿಕೊಂಡಾಗ ಎಕ್ಸ್ ಪ್ರತಿ ಹಂತದಲ್ಲೂ ಒಂದೊಂದು ಏರಿ 137 ತಲುಪುತ್ತದೆ. ಸರಿಸುವ ಮೊದಲು ಅರ್ಧ ಕೂಡಿದರೆ 131 ಬರುತ್ತದೆ. ಕೋನ ಮಾತ್ರ ಆ ಒಂದು ಚುಕ್ಕೆಗೆ 53.11ರಿಂದ 53.50ಕ್ಕೆ ಸರಿಯಿತು, ನಿಜವಾದದ್ದು 53.13. ಮೊದಲಿನದು ಅಷ್ಟು ಹತ್ತಿರ ಬಂದದ್ದು ಆಕಸ್ಮಿಕ. ನಮಗೆ ಎಜಿಸಿ ನಂಬುವ ಗಾತ್ರ ಮುಖ್ಯ, ಹಾಗಾಗಿ ಅರ್ಧ ಕೂಡುವುದನ್ನು ಇಟ್ಟುಕೊಂಡೆವು.

ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ

ಇದು ನನ್ನ ಮನಸ್ಸಿಗೆ ಹೆಚ್ಚು ಚುಚ್ಚಿದ ಪ್ರಶ್ನೆ, ಏಕೆಂದರೆ ಟೆಸ್ಟ್‌ಬೆಂಚ್ (ಸರ್ಕ್ಯೂಟನ್ನು ಪರೀಕ್ಷಿಸಲು ಬರೆದ ಕೋಡ್) ನೋಡಿ ಸರಿ ಇದೆ ಎಂದವನು ನಾನು. ಅವಳು 360 ಕೋನಗಳಲ್ಲಿ 360 ಚುಕ್ಕೆ ಕೊಟ್ಟಿದ್ದಳು. ಎಲ್ಲ ಉತ್ತರಗಳೂ ಸರಿ. ಆದರೆ ಎಲ್ಲ ಚುಕ್ಕೆಗಳೂ 1000 ತ್ರಿಜ್ಯದ ಒಂದೇ ವೃತ್ತದ ಮೇಲಿದ್ದವು. 1000 ಎಂದರೆ 1243ಕ್ಕಿಂತ ಒಳಗೆ, ಹಾಗಾಗಿ ಚೆಲ್ಲುವುದಿಲ್ಲ. ಸಣ್ಣದೂ ಅಲ್ಲ, ಹಾಗಾಗಿ ಬಸಿಯುವುದಿಲ್ಲ. ಕೋನದ ಸರ್ಕ್ಯೂಟ್ ಎಂದು ಕೋನವನ್ನು ಮಾತ್ರ ಬದಲಿಸಿ ನೋಡಿದೆವು, ಗಾತ್ರವನ್ನು ಮರೆತೆವು.

ಹಳೆಯ 12 ಬಿಟ್ ಸರ್ಕ್ಯೂಟಿನ ಮಾದರಿಯನ್ನು ಪೈಥಾನ್‌ನಲ್ಲಿ ಬರೆದು, 1,67,77,216 ಜೋಡಿಗಳನ್ನೂ ಓಡಿಸಿದೆವು. ಒಟ್ಟು ಚುಕ್ಕೆಗಳೇ ಅಷ್ಟು, ಆಯ್ದು ನೋಡುವ ಅಗತ್ಯವೇ ಇಲ್ಲ. ತಪ್ಪಿದ ಚುಕ್ಕೆಗಳಿಗೆ ಕೆಂಪು ಹಚ್ಚಿದಾಗ ನಡುವೆ ಒಂದು ಸಣ್ಣ ಕೆಂಪು ಚುಕ್ಕಿ, ಸುತ್ತ ದಪ್ಪ ಕೆಂಪು ಅಂಚು, ಮಧ್ಯದಲ್ಲಿ ಬಿಳಿ ಬಳೆ. ಅವಳ ವೃತ್ತ ಸರಿಯಾಗಿ ಆ ಬಳೆಯೊಳಗೆ. ಆ ಚಿತ್ರವನ್ನು ಅವಳು ಪ್ರಾಜೆಕ್ಟ್ ವರದಿಯ ಮೊದಲ ಪುಟಕ್ಕೇ ಹಾಕಿದಳು.

ಖರ್ಚು ಎಷ್ಟಾಯಿತು ಎಂದರೆ, 12 ಹಂತ, ಒಂದೊಂದರಲ್ಲಿ 18 ಬಿಟ್‌ನ ಎರಡು ಮತ್ತು 16 ಬಿಟ್‌ನ ಒಂದು ಕೂಡುವ ಸರ್ಕ್ಯೂಟ್. ಬಿಟ್‌ಗೆ ಒಂದು ಎಲ್‌ಯುಟಿ (ಎಫ್‌ಪಿಜಿಎ ಒಳಗಿನ ಸಣ್ಣ ಲಾಜಿಕ್ ತುಂಡು) ಎಂದು ಹಿಡಿದರೆ 624. ಆ ಚಿಪ್‌ನಲ್ಲಿರುವುದು 20,800. ಮಡಚುವ ಹಂತವೂ ಸೇರಿ ಉತ್ತರ ಬರಲು 13 ಕ್ಲಾಕ್, 100 ಮೆಗಾಹರ್ಟ್ಸ್‌ನಲ್ಲಿ 130 ನ್ಯಾನೋಸೆಕೆಂಡ್. ಅಗಲ ಮಾಡಿದ್ದಕ್ಕೆ ಬಿದ್ದ ಹೊರೆ ಏನೂ ಅಲ್ಲ.

ಅವಳೇ ಯೋಚಿಸಿ ಸೇರಿಸಿದ ಒಂದು ಭಾಗ ನನಗೆ ತುಂಬ ಇಷ್ಟವಾಯಿತು. ಬಲಕ್ಕೆ ಮಡಚಿದ ಮೇಲೆ ಯಾವ ಚುಕ್ಕೆಯ ಕೋನವೂ 90 ಡಿಗ್ರಿ, ಅಂದರೆ 16384, ದಾಟುವಂತಿಲ್ಲ. 18177 ಬಂತೆಂದರೆ ಅದು ಕೋನವೇ ಅಲ್ಲ. ಆ ಸಂಖ್ಯೆ ಬಂದಾಗಲೆಲ್ಲ ಒಂದು ಕೌಂಟರ್ ಏರುವಂತೆ ಮಾಡಿದಳು. ಈಗ ಮೇಲೆ ಚೆಲ್ಲುವುದು ಸಾಧ್ಯವಿಲ್ಲ. ಹಾಗಾಗಿ ಕೌಂಟರ್ ಏರಿದರೆ ಒಂದೇ ಅರ್ಥ: ಸಿಗ್ನಲ್ ಬತ್ತಿದೆ. ಟಾಂಕಿಯ ಮಟ್ಟದ ಪಕ್ಕದಲ್ಲೇ ಆ ಕೌಂಟರ್ ಕೂಡ ಮನೆಯ ಡಿಸ್‌ಪ್ಲೇಯಲ್ಲಿ ಕಾಣುತ್ತದೆ.

ಜೂನ್‌ನಲ್ಲಿ ಮಳೆಗಾಲ ಹಿಡಿದ ಮೇಲೆ ಒಂದು ಬೆಳಗ್ಗೆ ಭಾವ ಫೋನ್ ಮಾಡಿದರು. "ಭಾವ, ಎರಡನೇ ಸಂಖ್ಯೆ ರಾತ್ರಿಯಿಂದ ಓಡ್ತಾ ಇದೆ. ಗುಡ್ಡ ಹತ್ತಿ ನೋಡ್ತೇನೆ." ಅರ್ಧ ಗಂಟೆಯಲ್ಲಿ ಮೇಲಿನಿಂದಲೇ ಮತ್ತೆ ಫೋನ್. ಗಾಳಿಗೆ ಒಂದು ಸೋಗೆ ಕಂಬದ ಮೇಲೆ ಬಿದ್ದಿತ್ತು. ಆಂಟೆನಾದ ವೈರ್ ಕಿತ್ತು ಬಂದಿತ್ತು.